ಗರಟೆಯಲ್ಲಿ ಬಂದ ಕೆಂಡ

ದಸರಾ ರಜೆಯಲ್ಲಿ ಒಂಬತ್ತನೆಯ ತರಗತಿಯ ಎಂಟು ಸ್ಕೌಟ್ ಹುಡುಗರನ್ನು ಕರೆದುಕೊಂಡು ಕೊಡಚಾದ್ರಿಯ ತಪ್ಪಲಿಗೆ ಹೋಗಿದ್ದೆ. ಮೀಸಲು ಅರಣ್ಯದೊಳಗೆ ಬೆಂಕಿ ಹೊತ್ತಿಸುವುದು ಕಾನೂನಿಗೆ ವಿರುದ್ಧವಾದ್ದರಿಂದ, ಪರಿಚಯದ ಅಡಿಕೆ ಬೆಳೆಗಾರರೊಬ್ಬರ ತೋಟದಾಚೆ, ಕಾಡಿನ ಅಂಚಿಗಿದ್ದ ಹಳೆಯ ಕಣದಲ್ಲಿ ರಾತ್ರಿ ತಂಗಲು ಅನುಮತಿ ಪಡೆದಿದ್ದೆವು. ಟಾರ್ಪಾಲು, ಹಗ್ಗ, ಕತ್ತಿ, ಗೆಣಸು, ಒಂದು ಬೆಂಕಿಪೆಟ್ಟಿಗೆ ಇವಿಷ್ಟೇ ಹುಡುಗರ ಸಾಮಾನು. ಮೊಬೈಲುಗಳು ಬೆಳೆಗಾರರ ಮನೆಯಲ್ಲೇ ಉಳಿದಿದ್ದವು. ಪಾತ್ರೆಯಿಲ್ಲದೆ ಅಡುಗೆ ಮಾಡುವುದು ಸ್ಕೌಟುಗಳ ಪರೀಕ್ಷೆಯಲ್ಲಿ ಬರುವ ವಿಷಯವೇ ಆದ್ದರಿಂದ ಹುಡುಗರು ಉತ್ಸಾಹದಲ್ಲಿದ್ದರು.

ದಾರಿಯಲ್ಲಿ ಮೊಣಕಾಲುದ್ದ ನೀರಿನ ಹಳ್ಳವೊಂದನ್ನು ದಾಟುವಾಗ ಒಬ್ಬ ಜಾರಿ ಬಿದ್ದ. ಎಲ್ಲರೂ ನಕ್ಕು, ಕಾಲಿಗೆ ಹತ್ತಿದ ಉಂಬಳಗಳನ್ನು ಉಪ್ಪು ಹಾಕಿ ಬಿಡಿಸಿಕೊಂಡು ಮುಂದೆ ನಡೆದೆವು. ಬೆಂಕಿಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕೆಂದು ಹೇಳಿದ್ದರೂ ಅವನು ಅದನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡಿದ್ದನೆಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಸಂಜೆ ಐದೂವರೆಗೆ ಪೆಟ್ರೋಲ್ ಲೀಡರ್, ಅಂದರೆ ಗುಂಪಿನ ಮುಂದಾಳು ಹುಡುಗ, ಕೇಳಿದಾಗ ಅವನು ಚೀಲದಲ್ಲೆಲ್ಲೋ ಇದೆಯೆಂದು ಹೇಳಿ ಹುಡುಕುವವನಂತೆ ಅರ್ಧ ಗಂಟೆ ಕಳೆದ. ಆಮೇಲೆ ಉಬ್ಬಿಹೋದ ಪೆಟ್ಟಿಗೆಯನ್ನು ತಂದು ಎಲ್ಲರ ಮುಂದೆ ಕಲ್ಲಿನ ಮೇಲಿಟ್ಟ. "ನಾನೇ ಒದ್ದೆ ಮಾಡಿದ್ದು. ಆಗಲೇ ಹೇಳಬೇಕಿತ್ತು," ಎಂದ. ಅವನ ಆಪ್ತ ಗೆಳೆಯನೇ ಬಿರುಸಾಗಿ ಬೈದ.

ನನ್ನ ಜೇಬಿನಲ್ಲಿ ಇನ್ನೊಂದು ಬೆಂಕಿಪೆಟ್ಟಿಗೆ ಒಣಗಿಯೇ ಇತ್ತು. ಕೈ ಅದರ ಮೇಲೆ ಹೋಗಿ ನಿಂತಿತು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ಚಿಕ್ಕ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನ ಹೊಣೆಯನ್ನು ಒಬ್ಬ ಹುಡುಗನಿಗೇ ಒಪ್ಪಿಸಿದರೆಂದು ನಾನು ಎಷ್ಟೋ ಬಾರಿ ಪಾಠ ಮಾಡಿದ್ದೇನೆ. ಹಾಗೆ ಒಪ್ಪಿಸಿದ ಹಿರಿಯನಿಗೆ ಸುಮ್ಮನಿರುವುದು ಎಷ್ಟು ಕಷ್ಟವೆಂದು ಅಂದೇ ತಿಳಿದದ್ದು. ಮಕ್ಕಳನ್ನು ಗಟ್ಟಿ ಮಾಡುತ್ತೇವೆಂದು ಉಪವಾಸ ಕೆಡವಿ, ಅರಚಿ, ಹೆದರಿಸುವ ಶಿಬಿರಗಳನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಬೆಳೆಗಾರರ ಮನೆ ಒಂದು ಕಿಲೋಮೀಟರಿನೊಳಗಿತ್ತು, ಟಾರ್ಚು, ಔಷಧಿ ಎಲ್ಲವೂ ಇದ್ದವು, ಅಪಾಯವಿರಲಿಲ್ಲ. ಜೇಬಿನಿಂದ ಕೈ ತೆಗೆದೆ.

ಕೊನೆಗೆ ಒಬ್ಬ ಹುಡುಗ, ಹಿಂದೆಲ್ಲ ಒಲೆ ಆರಿದರೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರೆಂದು ತನ್ನ ಅಜ್ಜಿ ಹೇಳಿದ್ದನ್ನು ನೆನಪಿಸಿದ. ತಪ್ಪು ಮಾಡಿದವನೇ ಮೊದಲು ಎದ್ದ. ಅಜ್ಜಿಯ ಮಾತು ನೆನಪಿಸಿದವನೂ ಜೊತೆಗೆ ಹೊರಟ. ಟಾರ್ಚಿನ ಬೆಳಕು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಾನೂ ತೋಟದ ತಲೆಯವರೆಗೆ ಹಿಂಬಾಲಿಸಿದೆ. ತೆಂಗಿನ ಗರಟೆಯಲ್ಲಿ ಬರಿಯ ಕೆಂಡ ಹಾಕಿಕೊಂಡು ಬಂದಿದ್ದರು. ಗರಟೆ ಕಾದು ಕೈ ತಡೆಯದೆ ಹಾದಿಯಲ್ಲಿ ಎರಡು ಸಲ ಕೆಳಗಿಟ್ಟಿದ್ದರಂತೆ. ಒದ್ದೆ ಹುಲ್ಲಿನ ಮೇಲೆ ಚೆಲ್ಲಿ, ಕಣ ಸೇರುವಾಗ ಉಳಿದದ್ದು ಇದ್ದಿಲು ಮಾತ್ರ. "ಇನ್ನೊಂದ್ಸಲ ಹೋಗಿ ಬರ್ತೀನಿ ಸರ್," ಎಂದವನೇ ತಪ್ಪು ಮಾಡಿದ ಹುಡುಗ ತಿರುಗಿದ. ಬೆಳೆಗಾರರ ಮನೆಯ ಅಜ್ಜಿ ಈ ಬಾರಿ ಗರಟೆಯ ತಳಕ್ಕೆ ಬೂದಿ ಹಾಸಿ, ಕೆಂಡವಿಟ್ಟು, ಮೇಲೆ ಮತ್ತೆ ಬೂದಿ ಮುಚ್ಚಿ ಕೊಟ್ಟಿದ್ದರು. ಅಡಿಕೆ ಸಿಪ್ಪೆಯ ಮೇಲೆ ಅದನ್ನು ಸುರಿದು ಎಂಟೂ ಜನ ಸರದಿಯಲ್ಲಿ ಊದಿದರು. ಬಾಳೆಲೆ ಸುತ್ತಿ ಮಣ್ಣು ಮೆತ್ತಿದ ಗೆಣಸು ಬೆಂದಾಗ ಒಂಬತ್ತು ಗಂಟೆ ದಾಟಿತ್ತು. ಬೈದ ಗೆಳೆಯ ಕ್ಷಮೆಯನ್ನೇನೂ ಕೇಳಲಿಲ್ಲ. ರಾತ್ರಿ ಬೆಂಕಿ ಕಾಯುವ ಸರದಿಯಲ್ಲಿ ಅವನ ಪಕ್ಕದಲ್ಲಿ ಬಂದು ಕೂತ.

ಬೆಳಿಗ್ಗೆ ನೀರು ಹೊಯ್ದು ಬೆಂಕಿ ಆರಿಸಿದ ಮೇಲೆ ಪೆಟ್ಟಿಗೆ ಒದ್ದೆ ಮಾಡಿದ್ದ ಹುಡುಗನೇ ಬೂದಿಯೊಳಗೆ ಕೈಯಾಡಿಸಿ ಬಿಸಿ ಉಳಿದಿಲ್ಲವೆಂದು ನೋಡಿದ. ಬಸ್ಸಿನಲ್ಲಿ ಅವನು, "ನಿಮ್ಮ ಹತ್ರ ಬೆಂಕಿಪೆಟ್ಟಿಗೆ ಇರ್ಲಿಲ್ವಾ ಸರ್?" ಎಂದು ಕೇಳಿದ. ಅವನು ಎಲ್ಲರೆದುರು ನಿಜ ಹೇಳಿದ ಮೇಲೆ ನಾನು ಬೇರೇನು ಹೇಳಲಾದೀತು? ಇತ್ತೆಂದು ಹೇಳಿ, ತೆಗೆದು ಅವನ ಕೈಗೆ ಕೊಟ್ಟೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ತನ್ನ ಚೀಲದ ಒಳಜೇಬಿಗೆ ಹಾಕಿಕೊಂಡ.