ಹಳೇದು ಇಲ್ಲಿ ಕೊಡಿ

ಭಾನುವಾರ ಗೆಜ್ಜಲಗೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಫಿಯಟ್ ನಿಂತಿತು. ಒಂದೇ ಸಲ ನಿಲ್ಲಲಿಲ್ಲ. ಮೊದಲು ಎಳೆತ ಕಮ್ಮಿಯಾಯಿತು. ಗೇರ್ ಇಳಿಸಿದೆ, ಇನ್ನೂ ಇಳಿಸಿದೆ. ಆಮೇಲೆ ಮುಗ್ಗರಿಸಿ ಮುಗ್ಗರಿಸಿ ಸುಮ್ಮನಾಯಿತು. ಪಕ್ಕದಲ್ಲಿ ಕೂತಿದ್ದ ಅಪ್ಪ ಬಾನೆಟ್ ತೆಗೆಯುವ ಮೊದಲೇ "ಪೆಟ್ರೋಲ್ ಬರ್ತಿಲ್ಲ" ಅಂದರು. ಅವರು ಕಿವಿಯಲ್ಲೇ ಗಾಡಿ ನೋಡುವವರು. ಶುಗರ್ ಚೆಕ್ ಮಾಡಿಸಿಕೊಳ್ಳಿ ಅಂದರೆ ಮಾತ್ರ ಏನೂ ಕೇಳಿಸುವುದಿಲ್ಲ.

ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರ್ ಮ್ಯೂಸಿಯಂವರೆಗೆ ಹಳೇ ಕಾರುಗಳವರು ಒಟ್ಟಾಗಿ ಹೊರಟಿದ್ದೆವು. ಫಿಯಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್, ಒಂದೆರಡು ವಿಲ್ಲೀಸ್ ಜೀಪು. ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ತಡೆಯೇನಿಲ್ಲ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ನಂಥವನ್ನು ಮಾತ್ರ ಅಲ್ಲಿಂದ ಹೊರಗೆ ಹಾಕಿದ್ದಾರೆ. ಆದರೆ ಅರವತ್ತರಲ್ಲಿ ಹೋಗುವ ನಮ್ಮನ್ನು ಹಿಂದಿನಿಂದ ನೂರರಲ್ಲಿ ಬರುವವರು ಹಾರ್ನ್ ಹೊಡೆದೇ ಸಾಯಿಸುತ್ತಾರೆ. ಅದಕ್ಕೆ ನಾವೂ ಸರ್ವೀಸ್ ರಸ್ತೆ, ಊರೊಳಗಿನ ಹಳೇ ರಸ್ತೆ ಹಿಡಿಯುವುದು. ಮದ್ದೂರಿನಲ್ಲಿ ವಡೆ ತಿನ್ನುವುದಕ್ಕೂ ಅದೇ ಅನುಕೂಲ.

ಇಂಥ ಸವಾರಿಗಳಲ್ಲಿ ಬರೆದಿಡದ ಒಂದು ಕಟ್ಟಳೆ ಇದೆ. ಬಾನೆಟ್ ಎತ್ತಿದ ಕಾರು ಕಂಡರೆ ನಿಲ್ಲಬೇಕು. ಐದು ನಿಮಿಷದಲ್ಲಿ ನಮ್ಮ ಹಿಂದೆ ಸಾಲು ಹತ್ತಿತು. ಮುಂದೆ ಹೋಗಿದ್ದವರೂ ತಿರುಗಿಸಿಕೊಂಡು ಬಂದರು. ಬಂದವರಲ್ಲಿ ಹೆಚ್ಚಿನವರು ನನ್ನನ್ನು ನೋಡಿ ಕೇಳಿದ್ದು, "ಗಾಡಿ ಯಾರು ಓಡಿಸ್ತಿದ್ರು?" ನಾನೇ ಅಂದೆ. "ಓಹ್" ಅಂದು ಅಪ್ಪನ ಕಡೆ ತಿರುಗಿ ಮಾತಾಡಿದರು. ಇದೆಲ್ಲ ರೂಢಿಯಾಗಿದೆ ಬಿಡಿ.

ಆಮೇಲೆ ಸಲಹೆ ಶುರು. ಒಬ್ಬರು ಕಾಯಿಲ್ ಅಂದರು. ಒಬ್ಬರು ಕಂಡೆನ್ಸರ್ ಅಂದರು. ಹೆರಾಲ್ಡ್‌ನವರು ವೇಪರ್ ಲಾಕ್ ಅಂದು ಒದ್ದೆ ಬಟ್ಟೆ ತಂದು ಪಂಪಿಗೆ ಸುತ್ತಿದರು. ಎಂಜಿನ್ ಕಾವಿಗೆ, ಬಿಸಿಲಿಗೆ ಪೈಪಿನಲ್ಲಿರುವ ಪೆಟ್ರೋಲು ಕುದ್ದು ಆವಿಯಾಗಿ ಅಡ್ಡ ಕೂರುತ್ತದೆ, ತಣ್ಣಗೆ ಮಾಡಿದರೆ ಸರಿಹೋಗುತ್ತದೆ. ಹಳೇ ಕಾರಿನವರಿಗೆಲ್ಲ ಗೊತ್ತಿರುವ ವೈದ್ಯ ಇದು. ಈ ಸಲ ನಡೆಯಲಿಲ್ಲ.

ಅಷ್ಟರಲ್ಲಿ ಒಂದು ಕಪ್ಪು ಅಂಬಾಸಿಡರ್ ಬಂದು ನಿಂತಿತು. ಅದರ ಮಾಲೀಕರು ಇಳಿಯುವ ಮೊದಲೇ ಹಿಂದಿನ ಸೀಟಿನಿಂದ ಗಾಡಿ ರಿಪೇರಿ ಮೇಸ್ತ್ರಿ ಇಳಿದ. ಮೂವತ್ತೈದು, ನಲವತ್ತರ ಆಸುಪಾಸಿನ ಆಸಾಮಿ. ಡಿಕ್ಕಿಯಿಂದ ಒಂದು ಕಬ್ಬಿಣದ ಪೆಟ್ಟಿಗೆ ಎಳೆದುಕೊಂಡ. ಯಾರ ಮಾತನ್ನೂ ಕೇಳಲಿಲ್ಲ. ನನ್ನ ಹತ್ತಿರ ಬಂದು, "ಅಕ್ಕಾ, ಸ್ವಲ್ಪ ಸೆಲ್ಫ್ ಹೊಡೀರಿ" ಅಂದ. ಸದ್ಯ, ಓಡಿಸಿದ್ದು ಯಾರೆಂದು ಅವನಿಗೆ ಸಂಶಯ ಬರಲಿಲ್ಲ. ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ ಹಿಡಿದುಕೊಂಡಿದ್ದ. ಒಂದು ಹನಿಯೂ ಬರಲಿಲ್ಲ. "ಡಯಾಫ್ರಮ್ ಹೋಗಿದೆ" ಅಂದ. ಎರಡು ಬೋಲ್ಟ್ ತೆಗೆದು ಪಂಪನ್ನು ಕೈಗೆ ತಗೊಂಡು ಅಲ್ಲೇ ಬಿಚ್ಚಿ ತೋರಿಸಿದ. ಡಯಾಫ್ರಮ್ ಅಂದರೆ ಪಂಪಿನೊಳಗೆ ಪೆಟ್ರೋಲ್ ಎಳೆಯುವ ರಬ್ಬರು ಹಾಳೆ. ಅದು ಉಬ್ಬಿ, ಮೆತ್ತಗಾಗಿ, ಅಂಚಿನಲ್ಲಿ ಹರಿದಿತ್ತು.

"ಕಬ್ಬಿನ ಪೆಟ್ರೋಲು ಸಾರ್" ಅಂತ ಅಪ್ಪನಿಗೆ ಹೇಳಿದ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಕಬ್ಬಿನಿಂದಲೂ ತೆಗೆಯುವ ಎಥೆನಾಲ್ ಇರುತ್ತದಲ್ಲ, ಹಳೇ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ನಾವು ನಿಂತಿದ್ದ ಜಾಗದ ಎರಡೂ ಕಡೆ ಕಬ್ಬಿನ ಗದ್ದೆ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಮಂಡ್ಯ ಇನ್ನೇನು ಬರಬೇಕಿತ್ತು. ಕೆಟ್ಟು ನಿಲ್ಲೋಕೆ ನಮ್ಮ ಗಾಡಿ ಒಳ್ಳೇ ಜಾಗವನ್ನೇ ಹುಡುಕಿತ್ತು.

ಪೆಟ್ಟಿಗೆಯಲ್ಲಿ ಏನಿರಲಿಲ್ಲ! ಕಾಂಟ್ಯಾಕ್ಟ್ ಸೆಟ್ಟು, ರೋಟರು, ಫ್ಯಾನ್ ಬೆಲ್ಟು, ಪೆಟ್ರೋಲ್ ಪೈಪು, ಬೈಂಡಿಂಗ್ ವೈರು, ಟ್ಯಾಂಕ್ ಸೋರಿದರೆ ಉಜ್ಜೋಕೆ ಅರ್ಧ ಬಾರ್ ಸೋಪು. ಬಟ್ಟೆಯಲ್ಲಿ ಸುತ್ತಿದ್ದ ಒಂದು ಫಿಯಟ್ ಪಂಪನ್ನು ತೆಗೆದು ಕೂರಿಸಿದ. ಸೆಲ್ಫ್ ಹೊಡೆದೆ. ಮೊದಲು ಪೆಟ್ರೋಲ್ ತುಂಬಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಸ್ಟಾರ್ಟ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪರ್ಸ್ ತೆಗೆದು ಎಷ್ಟಪ್ಪಾ ಅಂದೆ.

"ದುಡ್ಡು ಬೇಡ ಅಕ್ಕಾ. ಹಳೇದು ಇಲ್ಲಿ ಕೊಡಿ" ಅಂತ ಕೈ ಚಾಚಿದ.

ಹಳೇ ಪಂಪು ಅಪ್ಪನ ಕೈಯಲ್ಲಿತ್ತು. ಕರ್ಚೀಫಿನಲ್ಲಿ ಒರೆಸುತ್ತಾ ನಿಂತಿದ್ದರು. ಕೊಡಲಿಲ್ಲ. ನಮ್ಮದು 1969ರ ಗಾಡಿ. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹೊಸದಕ್ಕೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ. ಅದರ ಪ್ರತಿಯೊಂದು ನಟ್ಟೂ ಕಂಪನಿಯದ್ದೇ ಎಂದು ಅವರ ನಂಬಿಕೆ. "ಇದು ಒರಿಜಿನಲ್ ಕಣಪ್ಪಾ. ವಾಪಸ್ ಸಿಗುತ್ತಾ?" ಅಂದರು.

ಮೇಸ್ತ್ರಿ ನಕ್ಕ. "ಯಾಕೆ ಸಾರ್? ನಿಮ್ಮ ಗಾಡೀಲಿ ಈಗ ಕೂತಿರೋದೂ ಯಾರದೋ ಒರಿಜಿನಲ್ಲೇ."

ಅಪ್ಪ ಕೊಟ್ಟರು. ಅವನು ಅದನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಅದೇ ಜಾಗದಲ್ಲಿಟ್ಟ. ಹೊಸ ಡಯಾಫ್ರಮ್ ಹಾಕಿ ರೆಡಿ ಮಾಡುತ್ತಾನಂತೆ. ಮುಂದೆ ಯಾರ ಪಂಪು ಹೋಗುತ್ತದೋ ಅವರಿಗೆ ನಮ್ಮದು. ಅವರದು ಪೆಟ್ಟಿಗೆಗೆ.

ಈ ವಾರವೆಲ್ಲ ಆ ಚಾಚಿದ ಕೈಯೇ ನೆನಪಾಗುತ್ತಿದೆ. ಅಡುಗೆ ಮಾಡುವಾಗ, ಆಫೀಸಿನಲ್ಲಿ ಯಾರೋ ಏನೋ ವಿವರಿಸುತ್ತಿರುವಾಗ, ಹಳೇದು ಇಲ್ಲಿ ಕೊಡಿ. ಅವನು ನಮಗೆ ಉಪಕಾರ ಮಾಡಿದ ಹಾಗೆ ನಡೆದುಕೊಳ್ಳಲೇ ಇಲ್ಲ. ಥ್ಯಾಂಕ್ಸ್ ಹೇಳೋಕೂ ಅಲ್ಲಿ ಜಾಗ ಇರಲಿಲ್ಲ. ಒಂದು ಕೊಟ್ಟ, ಒಂದು ತಗೊಂಡ. ಫಿಯಟ್ಟೇ ಆಮೇಲೆ ಪದ್ಮಿನಿ ಅನ್ನುವ ಹೆಸರಿನಲ್ಲಿ ಬರುತ್ತಿತ್ತು, ಅದು ತಯಾರಾಗುವುದು ನಿಂತೂ ಎರಡು ದಶಕ ದಾಟಿತು. ಕಂಪನಿಯಿಂದ ಹೊಸ ಪಾರ್ಟು ಬರುವುದಿಲ್ಲ. ಇರುವುದೇ ಒಂದು ಗಾಡಿಯಿಂದ ಇನ್ನೊಂದಕ್ಕೆ ಸುತ್ತಬೇಕು. ಒರಿಜಿನಲ್, ಒರಿಜಿನಲ್ ಅಂತ ನಾವು ಬಡಕೊಳ್ಳುವ ಕಾರುಗಳೆಲ್ಲ ಇಂಥ ಪೆಟ್ಟಿಗೆಗಳಿಂದಲೇ ಓಡುತ್ತಿರುವುದು.

ಬಡಕೊಳ್ಳುವುದು ಅಂದೆನಲ್ಲ, ನಮ್ಮವರ ಬಗ್ಗೆ ಎರಡು ಮಾತು ಹೇಳಲೇಬೇಕು. ಮದ್ದೂರಿನಲ್ಲಿ ವಡೆ ಮುಗಿಯುವಷ್ಟರಲ್ಲಿ ಎರಡು ಜಗಳ ಆಗಿದ್ದವು. ಒಂದು, ಅಂಬಾಸಿಡರಿಗೆ ಜಪಾನಿನ ಇಸುಜು ಎಂಜಿನ್ ಇದ್ದರೆ ಅದನ್ನು ಹಳೇ ಕಾರು ಅನ್ನಬಹುದೇ ಎಂದು. ಇನ್ನೊಂದು ನಂಬರ್ ಪ್ಲೇಟಿನದು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ಬೇರೆ ನಿಯಮ ಮಾಡಿತಲ್ಲ, ಹೊಸದಾಗಿ ನೋಂದಣಿ ಮಾಡಿಸಿದರೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ. ಹೊರದೇಶದಿಂದ ತರಿಸಿದ ಕಾರಿಗೆ ಆ ಪ್ಲೇಟು ಹಾಕಿಸಿಕೊಂಡವರಿಗೆ ಅದೇ ದೊಡ್ಡಸ್ತಿಕೆ. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರು ಉಳಿಸಿಕೊಂಡವರಿಗೆ ಇದೇ ದೊಡ್ಡಸ್ತಿಕೆ. ಇನ್ನೊಬ್ಬರ ಕಾರು ಲಾರಿ ಮೇಲೆ ಬಂದು ಊರ ಹೊರಗೆ ಇಳಿದು, ಕೊನೆಯ ನಾಲ್ಕು ಕಿಲೋಮೀಟರ್ ಮಾತ್ರ ಓಡುತ್ತದೆ. ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ಅದೇ. ಇಷ್ಟೆಲ್ಲ ಇರುವ ಇದೇ ಜನ, ಬಾನೆಟ್ ಎತ್ತಿದ್ದು ಕಂಡರೆ ಬಿಳಿ ಷರ್ಟು ಲೆಕ್ಕಿಸದೆ ಬಗ್ಗುತ್ತಾರೆ. ಅದೂ ನಿಜ. ಹೆರಾಲ್ಡ್‌ನವರ ಕೈಗೆ ಬಿಸಿ ತಾಗಿ ಬೊಬ್ಬೆ ಬಂದಿತ್ತು.

ಇದು ಮನುಷ್ಯರ ಗುಣವೋ, ಯಂತ್ರದ ಗುಣವೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ. ಹೊಸ ಕಾರು ನಿಂತರೆ ನೀವೂ ನಾನೂ ಏನು ಮಾಡೋಕೆ ಸಾಧ್ಯ? ಬಾನೆಟ್ ತೆಗೆದರೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಒಳಗೆ ಸೆನ್ಸರು, ಕಂಪ್ಯೂಟರು. ನೀರು ಬೇಕಾ ಅಂತ ಕೇಳಿ ಹೊರಡಬೇಕು ಅಷ್ಟೆ. ಹಳೇ ಗಾಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ. ಕಿಡಿ ಬರ್ತಿದೆಯಾ? ಪೆಟ್ರೋಲ್ ಬರ್ತಿದೆಯಾ? ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗೂ ಕಮ್ಮಿ, ಆದರೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಗೊತ್ತಿರುವವನು ಇನ್ನೊಬ್ಬನಿಗೆ ತೋರಿಸಬಹುದು. ಸಹಾಯ ಮಾಡೋಕೆ ಮನಸ್ಸಿದ್ದರೆ ಸಾಲದು, ಕೈ ಹಾಕೋಕೆ ಜಾಗವೂ ಬೇಕಲ್ವಾ?

ಹೀಗೆಂದು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅವತ್ತು ಅಲ್ಲೇ ಇನ್ನೊಂದು ಗಾಡಿ ನಿಂತಿತ್ತು.

ನಮ್ಮಿಂದ ಸ್ವಲ್ಪ ಮುಂದೆ ಒಂದು ಲಗೇಜ್ ಆಟೋ. ತುಂಬ ಎಳನೀರು. ಡ್ರೈವರ್ ಹುಡುಗ ನೆರಳಿಲ್ಲದ ಕಡೆ ಕೂತು ಫೋನಿನಲ್ಲಿ ಯಾರಿಂದಲೋ ಬೈಸಿಕೊಳ್ಳುತ್ತಿದ್ದ. ನಮಗಾಗಿ ತಿರುಗಿ ಬಂದವರೆಲ್ಲ ಅವನನ್ನು ಎರಡೆರಡು ಸಲ ದಾಟಿದ್ದಾರೆ. ಯಾರಿಗೂ ನಿಲ್ಲಬೇಕು ಅನಿಸಲಿಲ್ಲ. ಅದಕ್ಕೆ ಬಾನೆಟ್ ಇಲ್ಲ, ಎತ್ತೋಕಾಗಲ್ಲ ಅಂತ ಇರಬಹುದು.

ನಮ್ಮದು ಮುಗಿದ ಮೇಲೆ ಮೇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಸೀದಾ ಅಲ್ಲಿಗೆ ನಡೆದ. ಅಂಬಾಸಿಡರಿನವರು, "ಎಲ್ಲಿಗಯ್ಯಾ, ಹೊತ್ತಾಯ್ತು!" ಎಂದು ಕೂಗಿದರು. "ಐದು ನಿಮಿಷ ಸಾರ್." ಅವರಿಗೆ ಸಿಟ್ಟು ಬಂತು. "ಅದಕ್ಕೂ ನಮಗೂ ಏನು ಸಂಬಂಧ?" ಅಂತ ನಮ್ಮ ಕಡೆ ತಿರುಗಿ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕೆಟ್ಟವರೇನಲ್ಲ ಅವರು. ಅರ್ಧ ಗಂಟೆಯಿಂದ ನಮಗಾಗಿ ಬಿಸಿಲಲ್ಲಿ ನಿಂತಿದ್ದರು, ಆಗ ಹೊತ್ತಾಗಿರಲಿಲ್ಲ ಅಷ್ಟೆ.

ಆಟೋದ ಕ್ಲಚ್ ವೈರ್ ಕಟ್ಟಾಗಿತ್ತಂತೆ. ಪೆಟ್ಟಿಗೆಯಲ್ಲಿ ಯಾವುದೋ ಗಾಡಿಯ ವೈರ್ ಸಿಕ್ಕಿತು. ಉದ್ದ ಹೊಂದಲಿಲ್ಲ. ಕತ್ತರಿಸಿ, ತುದಿಗೆ ಸ್ಕ್ರೂ ನಿಪ್ಪಲ್ ಹಾಕಿ ಬಿಗಿದ. ಆಮೇಲೆ ತುಂಡಾದ ವೈರನ್ನು ಸುರುಳಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡ. ಅಲ್ಲೂ ಅದೇ ಮಾತು ಹೇಳಿದನೋ ಏನೋ, ದೂರಕ್ಕೆ ಕೇಳಿಸಲಿಲ್ಲ.

ಹುಡುಗ ಸುಮ್ಮನೆ ಹೋಗಲಿಲ್ಲ. ಆಟೋವನ್ನು ಹಿಂದಕ್ಕೆ ತಂದು ನಿಲ್ಲಿಸಿ ಮಚ್ಚು ತೆಗೆದ. ನಿಂತಿದ್ದ ಎಲ್ಲರಿಗೂ ಒಂದೊಂದು ಎಳನೀರು ಕೊಚ್ಚಿದ. ನಾವೆಲ್ಲ ಒಂದೇ ಗುಂಪು ಅಂದುಕೊಂಡಿದ್ದನಲ್ಲ, ಮೇಸ್ತ್ರಿಯನ್ನು ಕಳಿಸಿದವರು ನಾವೇ ಅಂತ. ಸಂಬಂಧ ಏನು ಅಂದಿದ್ದವರೂ ಕುಡಿದರು, ಗಂಜಿ ಕೆರೆಸಿ ತಿಂದರು. ದುಡ್ಡು ಕೊಡಹೋದರೆ ಹುಡುಗ ಮುಟ್ಟಲಿಲ್ಲ.

ಆಗ ಒಂದು ಫೋಟೋ ಆಯಿತು. ಎಲ್ಲರ ಕೈಯಲ್ಲೂ ಎಳನೀರು, ಹಿಂದೆ ನಮ್ಮ ಫಿಯಟ್ಟು. ತೆಗೆದಿದ್ದು ಮೇಸ್ತ್ರಿ. ಆಟೋ ಅಡ್ಡ ಬರುತ್ತೆ ಅಂತ ಸ್ವಲ್ಪ ಮುಂದಕ್ಕೆ ಹಾಕಿಸಿದರು. ಸೋಮವಾರ ಬೆಳಿಗ್ಗೆ ಅದು ನಮ್ಮ ಗ್ರೂಪಿಗೆ ಬಂತು. ಕೆಳಗೆ ಒಗ್ಗಟ್ಟು, ಕುಟುಂಬ, ಹೃದಯದ ಚಿತ್ರಗಳು. ರಸ್ತೆಯಲ್ಲಿ ನಾವು ಯಾರನ್ನೂ ಕೈಬಿಡುವುದಿಲ್ಲ ಎಂದು ಒಬ್ಬರು ಬರೆದಿದ್ದರು. ಹೌದು, ನನ್ನನ್ನು ಕೈಬಿಡಲಿಲ್ಲ. ನಾನು ಬರೆದೆ, ಗಾಡಿ ರಿಪೇರಿ ಮಾಡಿದವರು ಈ ಫೋಟೋದಲ್ಲಿಲ್ಲ, ಅವರ ನಂಬರನ್ನು ಗ್ರೂಪಿಗೆ ಸೇರಿಸಿ, ಎಲ್ಲರಿಗೂ ಉಪಯೋಗ. ಸಂಜೆಯವರೆಗೆ ಯಾರೂ ಮಾತಾಡಲಿಲ್ಲ. ರಾತ್ರಿ ಅಡ್ಮಿನ್ ಉತ್ತರ ಬಂತು. "ಮೇಡಂ, ಒಳ್ಳೆ ಸಲಹೆ. ಆದರೆ ಇದು ಓನರ್‌ಗಳ ಗ್ರೂಪು."

ನನಗೆ ಮೈಯೆಲ್ಲ ಉರಿಯಿತು. ಗ್ರೂಪು ಬಿಡಬೇಕು ಅಂದುಕೊಂಡೆ. ಅಪ್ಪ ಬೇಡ ಅಂದರು, ಅವರಿಗೆ ಫೋಟೋ ನೋಡಬೇಕಲ್ಲ. ನಿನ್ನೆ ಮೇಸ್ತ್ರಿಗೆ ಫೋನ್ ಮಾಡಿದೆ. ಹೊಸ ಪಂಪು ಚೆನ್ನಾಗಿ ನಡೀತಿದೆ ಅಂದೆ. ಮಾತಿನ ಮಧ್ಯೆ ಗ್ರೂಪಿನ ವಿಷಯವೂ ಬಾಯಿಗೆ ಬಂತು.

"ಅಯ್ಯೋ ಬೇಡ ಅಕ್ಕಾ, ದಯವಿಟ್ಟು ಸೇರಿಸಬೇಡಿ" ಅಂದ. "ರಾತ್ರಿಯೆಲ್ಲ ಗುಡ್ ನೈಟ್ ಫೋಟೋ ಬರ್ತಾವೆ. ಗಾಡಿ ನಿಂತ್ರೆ ಹೆಂಗೂ ಎಲ್ಲರೂ ಫೋನ್ ಮಾಡೇ ಮಾಡ್ತಾರೆ." ಆಮೇಲೆ ಒಂದು ಕೆಲಸ ಹೇಳಿದ. ಬೆಂಗಳೂರಿನಲ್ಲಿ ಗಾಡಿ ಪಾರ್ಟಿನ ಅಂಗಡಿಗಳಿರುವ ಜೆ.ಸಿ. ರಸ್ತೆ ಕಡೆ ಹೋದರೆ ಫಿಯಟ್ ಪಂಪಿನ ಡಯಾಫ್ರಮ್ ಎರಡು ತರಬೇಕಂತೆ. ಹೊಸ ಪೆಟ್ರೋಲಿಗೆ ತಡೆಯೋ ರಬ್ಬರಿಂದೇ ಆಗಬೇಕು, ಅಂಗಡಿಯವನು ಹಳೇ ಸ್ಟಾಕ್ ತೋರಿಸಿದರೆ ತಗೋಬಾರದು ಅಂತ ಎರಡು ಸಲ ಹೇಳಿ ಫೋನ್ ಇಟ್ಟ.