ಗಾಳಿಯಲ್ಲಿ ಹೋಗೋದಕ್ಕೆ ದುಡ್ಡು ಯಾಕೆ?

ನಾನು ವೈರ್‌ಲೆಸ್ ಕ್ಷೇತ್ರದಲ್ಲಿ ಇದ್ದೇನೆ ಎಂದು ಗೊತ್ತಾದ ಎರಡನೇ ನಿಮಿಷಕ್ಕೆ ಈ ಪ್ರಶ್ನೆ ಬರುತ್ತದೆ. "ಫೋನ್ ಕರೆ, ಇಂಟರ್ನೆಟ್ ಎಲ್ಲಾ ಗಾಳಿಯಲ್ಲಿ ತಾನೇ ಹೋಗೋದು? ಅದಕ್ಕೂ ದುಡ್ಡು ಯಾಕೆ?" ಮೊದಲನೇ ನಿಮಿಷದ ಪ್ರಶ್ನೆ "ಯಾವ ಸಿಮ್ ಕಂಪನಿ?" ಯಾವ ಸಿಮ್ ಕಂಪನಿಯೂ ಅಲ್ಲ ಎಂದರೆ ಸುಳ್ಳು ಹೇಳುತ್ತಿದ್ದಾಳೆ ಅನ್ನೋ ಥರ ನೋಡುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ಗಾಳಿಯ ವಿಷಯ ಮುಗಿಸೋಣ. ಗಾಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲೂ ರೇಡಿಯೋ ಅಲೆ ಆರಾಮಾಗಿ ಹೋಗುತ್ತದೆ. ಅದೂ ಅಲ್ಲದೆ, ತಂತಿ ಇಲ್ಲದಿರುವುದು ಹೆಚ್ಚಾಗಿ ಫೋನಿನಿಂದ ಹತ್ತಿರದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಬಹುತೇಕ ದಾರಿ ನೆಲದಡಿಯ ಫೈಬರ್, ಇಲ್ಲವೇ ಸಮುದ್ರದ ತಳದ ಕೇಬಲ್. ಹೆಸರು ವೈರ್‌ಲೆಸ್, ಒಳಗೆಲ್ಲ ವೈರೇ.

ಒಮ್ಮೆ ರೈಲಿನಲ್ಲಿ ಎದುರು ಸೀಟಿನ ಹಿರಿಯರೊಬ್ಬರು ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮುಗಿಸಿ ನನ್ನ ಕಡೆ ತಿರುಗಿದರು. "ಸಿಮ್ ಕಂಪನಿಯವರಿಗೆ ಬರೀ ಲಾಭ ಅಲ್ವೇನಮ್ಮಾ? ಒಂದು ಕಂಬ ನೆಟ್ಟರೆ ಆಯ್ತು." ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ.

"ಎಷ್ಟೋ ಕಡೆ ಆ ಕಂಬ ಸಿಮ್ ಕಂಪನಿಯದ್ದೇ ಅಲ್ಲ ಸರ್" ಎಂದೆ. ಅವರಿಗೆ ಆಶ್ಚರ್ಯ. ಕಂಬ ನಿಲ್ಲಿಸಿ ಬಾಡಿಗೆಗೆ ಕೊಡುವುದೇ ಬೇರೆ ವ್ಯಾಪಾರ. ಅಮೆರಿಕನ್ ಟವರ್, ಕ್ರೌನ್ ಕ್ಯಾಸಲ್ ಇಂಥ ಕಂಪನಿಗಳು. ಒಬ್ಬನೇ ಬಾಡಿಗೆದಾರ ಇದ್ದರೆ ಗಿಟ್ಟುವುದು ಕಷ್ಟ. ಅದೇ ಕಂಬಕ್ಕೆ ಎರಡನೆಯವನು, ಮೂರನೆಯವನು ಆಂಟೆನಾ ಕಟ್ಟಿದರೆ ಖರ್ಚು ಹೆಚ್ಚೇನೂ ಏರುವುದಿಲ್ಲ, ಬಾಡಿಗೆ ಮಾತ್ರ ಬರುತ್ತಲೇ ಇರುತ್ತದೆ. ಮೂವರೂ ಮೂರು ಕಂಬ ನೆಡುವ ಖರ್ಚು ಉಳಿಯುತ್ತದೆ. ಒಂದೇ ಮನೆಯಲ್ಲಿ ಮೂರು ಸಂಸಾರ, ಅಡುಗೆ ಮಾತ್ರ ಬೇರೆ ಬೇರೆ.

ಕಂಬದ ಮೇಲಿನ ರೇಡಿಯೋ ಪೆಟ್ಟಿಗೆಗಳನ್ನು ಮಾಡುವವರು ಎರಿಕ್ಸನ್, ನೋಕಿಯಾ, ಹುವಾವೆಯಂಥವರು. "ನೋಕಿಯಾ ಇನ್ನೂ ಇದೆಯಾ?" ಎಂದರು. ಇದೆ. ಫೋನಿನ ವ್ಯವಹಾರವನ್ನು 2014ರಲ್ಲಿ ಮೈಕ್ರೋಸಾಫ್ಟಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಈಗ ನಿಮ್ಮ ಕೈಯಲ್ಲಿಲ್ಲ, ನಿಮ್ಮ ತಲೆಯ ಮೇಲಿದೆ.

ಹಾಗಾದರೆ ಸಿಮ್ ಕಂಪನಿಯದ್ದು ಅಂತ ಏನು? ಮುಖ್ಯವಾಗಿ ತರಂಗಾಂತರದ ಹಕ್ಕು, ಅಂದರೆ ಇಂತಿಷ್ಟು ರೇಡಿಯೋ ಅಲೆಗಳನ್ನು ಬಳಸಲು ಸರ್ಕಾರ ಕೊಡುವ ಪರವಾನಗಿ, ಮತ್ತು ಅದಕ್ಕೆ ಮಾಡಿದ ಸಾಲ. 2000ರಲ್ಲಿ ಬ್ರಿಟನ್ ಐದು 3ಜಿ ಪರವಾನಗಿಗಳನ್ನು ಹರಾಜು ಹಾಕಿದಾಗ ಬಂದದ್ದು ಸುಮಾರು 2,250 ಕೋಟಿ ಪೌಂಡ್. ಅದೇ ವರ್ಷ ಜರ್ಮನಿಯ ಹರಾಜಿನಲ್ಲಿ ಸುಮಾರು 5,000 ಕೋಟಿ ಯೂರೋ. ಆ ತರಂಗಾಂತರದಲ್ಲಿ ಒಂದೇ ಒಂದು ಕರೆ ಹೋಗುವ ಮೊದಲೇ ಒಪ್ಪಿಕೊಂಡ ದುಡ್ಡು ಇದು. ಗಾಳಿಗೆ ದುಡ್ಡು ಯಾಕೆ ಅಂತ ಕೇಳುವವರು ಆ ಸರ್ಕಾರಗಳನ್ನೂ ಒಂದು ಮಾತು ಕೇಳಬಹುದು. ಅಷ್ಟು ದುಡ್ಡು ಸುರಿದು, ಬಾಡಿಗೆ ಕಟ್ಟಿ, ಇದನ್ನೆಲ್ಲ ಹೊಲಿದು ಒಂದು ಬಟ್ಟೆ ಮಾಡುವುದು ಸಿಮ್ ಕಂಪನಿಯ ಕೆಲಸ. ಆ ರೈಲು ಓಡುತ್ತಿದ್ದ ಹಾಗೇ ಆ ಹಿರಿಯರ ಕರೆ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇತ್ತು. ಮೊಮ್ಮಗಳ ವಿಡಿಯೋ ಎಲ್ಲೂ ನಿಲ್ಲಲಿಲ್ಲ. ಅದು ತಾನಾಗಿ ಆಗುವುದಲ್ಲ.

ಇಷ್ಟೆಲ್ಲ ಆದಮೇಲೆ ವಾಟ್ಸ್‌ಆ್ಯಪ್ ಬಂತು. ಕಂಬ ಇಲ್ಲ, ತರಂಗಾಂತರ ಇಲ್ಲ, ಕೆಲಸಕ್ಕಿದ್ದವರು ಐವತ್ತು ಚಿಲ್ಲರೆ ಜನ. 2014ರಲ್ಲಿ ಅದನ್ನು ಕೊಳ್ಳುತ್ತೇನೆ ಎಂದು ಫೇಸ್‌ಬುಕ್ ಹೇಳಿದ ಬೆಲೆ 1,900 ಕೋಟಿ ಡಾಲರ್. ಸಿಮ್ ಕಂಪನಿಗಳು ಎಸ್ಎಂಎಸ್‌ನಲ್ಲಿ ಎಣಿಸುತ್ತಿದ್ದ ದುಡ್ಡು ಕರಗಿಹೋಯಿತು. ಅವರನ್ನು ನೋಡಿ ನನಗೆ ಪಾಪ ಅನಿಸುವುದು ಈ ಒಂದು ವಿಷಯಕ್ಕೆ. ಬಿಲ್ ಬಂದ ದಿನ ಹಾಗೇನೂ ಅನಿಸುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಈ ಪ್ರಶ್ನೆಯೇ ಇಷ್ಟವಿಲ್ಲ. ದುಡ್ಡು ಯಾಕೆ ಅಂತ ಕೇಳುವ ಬದಲು, ಕೊಟ್ಟ ದುಡ್ಡು ಯಾರಿಗೆ ಯಾವ ಲೆಕ್ಕದಲ್ಲಿ ಹೋಗುತ್ತದೆ ಅಂತ ಯಾರಾದರೂ ಕೇಳಬಾರದೇ? ಆ ಲೆಕ್ಕದಲ್ಲಿ ಮಜಾ ಇದೆ.

ಅಮೆರಿಕದ ಕಂಪನಿ ಕ್ವಾಲ್‌ಕಾಮ್ ನೋಡಿ. ಅವರೂ ಒಂದು ಕಾಲಕ್ಕೆ ಫೋನ್ ಮಾಡುತ್ತಿದ್ದರು. 2000ರಲ್ಲಿ ಅದನ್ನು ಜಪಾನಿನ ಕ್ಯೋಸೆರಾಗೆ ಮಾರಿದರು. ಈಗ ಚಿಪ್ ಮಾರುತ್ತಾರೆ, ಜೊತೆಗೆ ತಮ್ಮ ಮೊಬೈಲ್ ತಂತ್ರಜ್ಞಾನದ ಪೇಟೆಂಟ್‌ಗೆ ರಾಯಧನ ತೆಗೆದುಕೊಳ್ಳುತ್ತಾರೆ. 3ಜಿ, 4ಜಿ, 5ಜಿ ಎಲ್ಲಾ ಇರುವ ಫೋನಿಗೆ ಅವರು 2017ರಲ್ಲಿ ಹೇಳಿದ ದರ ಶೇ 3.25. ಯಾವುದರ ಶೇಕಡ? ಚಿಪ್ಪಿನ ಬೆಲೆಯದಲ್ಲ, ಇಡೀ ಫೋನಿನ ಬೆಲೆಯದು. ಕ್ಯಾಮೆರಾ ಚೆನ್ನಾಗಿದೆ ಅಂತ ಫೋನಿನ ಬೆಲೆ ಏರಿದರೆ ಇವರ ಪಾಲೂ ಏರುತ್ತದೆ. ಅದಕ್ಕೊಂದು ಮಿತಿ ಹಾಕಿದರು, ಬೇರೆ ಮಾತು. ರೇಡಿಯೋ ಇಲ್ಲದಿದ್ದರೆ ನಿಮ್ಮದು ಬರೀ ಕ್ಯಾಮೆರಾ ಅನ್ನುವುದು ಅವರ ಕಡೆಯ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ, ಹೊಟ್ಟೆ ಉರಿಯುತ್ತದೆ ಅಷ್ಟೇ. ಆ್ಯಪಲ್ ಇವರ ಜೊತೆ ಕೋರ್ಟಿನಲ್ಲಿ ಜಗಳವಾಡಿ 2019ರಲ್ಲಿ ರಾಜಿಯಾಯಿತು. ಅದೇ ವರ್ಷ ಇಂಟೆಲ್‌ನ ಫೋನ್ ಮೋಡೆಮ್ (ಫೋನನ್ನು ಟವರಿನ ಜೊತೆ ಮಾತಾಡಿಸುವ ಚಿಪ್) ವಿಭಾಗದ ಬಹುಪಾಲನ್ನು 100 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಅದರ ಸ್ವಂತ ಮೋಡೆಮ್ ಇರುವ ಮೊದಲ ಐಫೋನ್ ಬಂದದ್ದು 2025ರಲ್ಲಿ. ಅಷ್ಟು ದುಡ್ಡಿರುವವರಿಗೂ ಆರು ವರ್ಷ ಬೇಕಾಯಿತು.

ಇದರ ಪಕ್ಕದಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಗ್ಯಾಲಗರ್ ಅವರನ್ನು ಇಟ್ಟು ನೋಡಿ. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ, 1960ರ ಹೊತ್ತಿಗೆ, ದಾರಿಯಲ್ಲಿ ಕೆಟ್ಟುಹೋದ ಸಂದೇಶವನ್ನು ಸರಿಪಡಿಸುವ ಒಂದು ವಿಧಾನ ಕಂಡುಹಿಡಿದರು. ಹೆಸರು ಎಲ್‌ಡಿಪಿಸಿ. ಅದನ್ನು ನಡೆಸುವ ತಾಕತ್ತು ಆಗಿನ ಕಂಪ್ಯೂಟರಿಗೆ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಮರೆತರು. 1990ರ ದಶಕದಲ್ಲಿ ಮತ್ತೆ ಸಿಕ್ಕಿತು. ಅಷ್ಟರಲ್ಲಿ ಪೇಟೆಂಟ್ ಅವಧಿ ಮುಗಿದಿತ್ತು. ಇವತ್ತು 5ಜಿಯಲ್ಲಿ ನೀವು ನೋಡುವ ಪ್ರತಿ ವಿಡಿಯೋ ಆ ವಿಧಾನದ ಕೈ ಹಿಡಿದೇ ಬರುತ್ತದೆ. ಅದರಲ್ಲಿ ಅವರ ಪಾಲು ಶೇಕಡ ಎಷ್ಟು? ಸೊನ್ನೆ.

ಹಿರಿಯರು ಇದನ್ನೆಲ್ಲ ತಾಳ್ಮೆಯಿಂದ ಕೇಳಿದರು. "ಸರಿ, ಇದರಲ್ಲಿ ನೀನು ಎಲ್ಲಿ ಬರ್ತೀಯಮ್ಮಾ?"

ನಾನು ಫಿಲ್ಟರ್ ಮಾಡುತ್ತೇನೆ. ಎಷ್ಟೋ ಸಲ ಫೋನ್ ಒಂದೇ ಹೊತ್ತಿಗೆ ಕೂಗುತ್ತಲೂ ಇರಬೇಕು, ಕೇಳುತ್ತಲೂ ಇರಬೇಕು. ಟವರ್ ದೂರ ಇದ್ದಾಗ, ಕೂಗುವ ಸಿಗ್ನಲ್ ಕೇಳುವ ಸಿಗ್ನಲ್‌ಗಿಂತ ಲಕ್ಷ ಕೋಟಿ ಪಟ್ಟು ಜೋರಾಗಿರಬಹುದು. ತಾನೇ ಕಿರುಚುತ್ತಾ ಪಕ್ಕದ ಊರಿನ ಪಿಸುಮಾತು ಕೇಳಿಸಿಕೊಂಡ ಹಾಗೆ. ಕಿರುಚಾಟವನ್ನು ತಡೆದು ಪಿಸುಮಾತನ್ನು ಮಾತ್ರ ಒಳಗೆ ಬಿಡುವುದು ನಾನು ಮಾಡುವ ಫಿಲ್ಟರ್, ನನ್ನ ಕಾಳು. ಹೌದು, ಅಕ್ಕಿಕಾಳಿಗಿಂತ ಚಿಕ್ಕದು. ಸೂಕ್ಷ್ಮದರ್ಶಕದಡಿ ಇಟ್ಟರೆ ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಹೊಕ್ಕ ಹಾಗೆ ಲೋಹದ ಗೆರೆಗಳು ಕಾಣುತ್ತವೆ. ಒಂದೊಂದು ಹಲ್ಲೂ ತಲೆಕೂದಲಿನ ನೂರನೇ ಒಂದು ಭಾಗದಷ್ಟು ತೆಳು. ಅಲ್ಲಿ ರೇಡಿಯೋ ಸಿಗ್ನಲ್ ಒಂದು ಹರಳಿನ ಮೇಲೆ ಶಬ್ದವಾಗಿ ಓಡುತ್ತದೆ, ಆ ತುದಿಯಲ್ಲಿ ಮತ್ತೆ ವಿದ್ಯುತ್ ಆಗುತ್ತದೆ. ಹರಳಿನ ಮೇಲೆ ಶಬ್ದ ರೇಡಿಯೋ ಅಲೆಗಿಂತ ಸುಮಾರು ಲಕ್ಷ ಪಟ್ಟು ನಿಧಾನ, ಅದರ ಅಲೆಯೂ ಅಷ್ಟೇ ಗಿಡ್ಡ. ಅದಕ್ಕೇ ಇಷ್ಟು ಚಿಕ್ಕದರಲ್ಲಿ ಕೆಲಸ ಮುಗಿಯುತ್ತದೆ. ಒಂದು ಫೋನಿನಲ್ಲಿ ಇಂಥವು ಹತ್ತಾರು. ನಮಗೆ ಸಿಗುವುದು ಕಾಳಿಗೆ ಇಷ್ಟು ಅಂತ. ಫೋನಿನ ಬೆಲೆ ಏರಲಿ, ಇಳಿಯಲಿ, ನಮ್ಮದು ಪ್ರತಿ ವರ್ಷ ಇನ್ನೂ ಇಳಿಸಿ ಅನ್ನುವ ಚೌಕಾಸಿ.

ಇದನ್ನು ನಾನು ಚೆನ್ನಾಗಿ ಹೇಳಿದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವರ ಹೆಂಡತಿಯ ಕರೆ ಬಂತು. ಅವರು ಉತ್ಸಾಹದಿಂದ ನನ್ನ ಪರಿಚಯ ಮಾಡಿಸಿದರು.

"ಇಲ್ಲೊಬ್ಬಳು ಹುಡುಗಿ ಫಿಲ್ಟರ್ ಕಂಪನೀಲಿ ಇದ್ದಾಳಂತೆ ಕಣೇ. ನಮ್ಮನೇದ್ರಲ್ಲಿ ನೀರು ಸಣ್ಣಗೆ ಬರುತ್ತಲ್ಲ, ಕೇಳಲಾ?"