ಆಟಕ್ಕುಂಟು, ಲೆಕ್ಕಕ್ಕಿಲ್ಲ

1983ರ ಜೂನ್. ಬೆಟಗೇರಿಯ ನಮ್ಮ ಶಾಲೆಯಲ್ಲಿ ಒಂದನೆಯ ತರಗತಿಗೆ ಆಗಷ್ಟೇ ಸೇರಿದ್ದೆ. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು; ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮಧ್ಯಾಹ್ನ ಗಂಟೆ ಹೊಡೆದೊಡನೆ ಮೂರನೆಯ ತರಗತಿಯವರು ಬೇವಿನ ಮರದ ಕೆಳಗೆ ಏಳು ಹಂಚಿನ ಚೂರು ಪೇರಿಸಿ ಲಗೋರಿ ಹೂಡುತ್ತಿದ್ದರು. ನಮ್ಮಂಥ ಚಿಕ್ಕವರಿಗೆ ಅಲ್ಲಿದ್ದದ್ದು ಒಂದೇ ಹುದ್ದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚೆಂಡು ಗಟಾರಕ್ಕೆ ಬಿದ್ದರೆ ತಂದುಕೊಡಬೇಕು, ಅಷ್ಟೇ.

ಆ ಹುದ್ದೆಯಲ್ಲಿ ನನಗೊಬ್ಬ ಜೊತೆಗಾರನಿದ್ದ, ನೇಕಾರರ ಮನೆಯ ಹುಡುಗ. ಮನೆಮಾತು ಬೇರೆಯಾದ್ದರಿಂದ ಕನ್ನಡಕ್ಕೆ ತಡವರಿಸುತ್ತಿದ್ದ. ಆಟದ ಚೆಂಡು ಮಾತ್ರ ಅವನ ಮನೆಯದೇ. ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳನ್ನು ಚಿಂದಿಯ ಉಂಡೆಗೆ ಬಿಗಿದು ಸುತ್ತಿದ್ದು. ಬೆನ್ನಿಗೆ ಬಿದ್ದರೆ ರಬ್ಬರ್ ಚೆಂಡಿನಷ್ಟು ಉರಿಯುತ್ತಿರಲಿಲ್ಲ. ಗಟಾರದ ನೀರು ಕುಡಿದರೆ ಮಾತ್ರ ಕಲ್ಲೇ. ನಾವಿಬ್ಬರೂ ಮಾತಾಡಿದ್ದು ಕಡಿಮೆ, ಚೆಂಡು ಎತ್ತ ಹಾರುತ್ತದೆಂದು ಕಣ್ಣಿಟ್ಟು ನಿಂತದ್ದೇ ಹೆಚ್ಚು. ಅಷ್ಟರಲ್ಲೇ ದೋಸ್ತಿ ಕುದುರಿತು.

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ಹಿಂದಿನ ದಿನ ಮಳೆ ಹೊಯ್ದಿತ್ತು. ಶಾಲೆಯ ಹಿಂದಿನ ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡರೆ ಒಂದೊಂದು ಹೆಜ್ಜೆಯೂ ಸೇರು ತೂಗುತ್ತಿತ್ತು. ಅದನ್ನೇ ಮಿದಿದು ತಲಾ ಒಂದು ಎತ್ತು ಮಾಡಿದೆವು. ಯಾವುದನ್ನು ಬಲಕ್ಕೆ ಕಟ್ಟಬೇಕೆಂದು ಜಗಳವಾಯಿತು. ಕಿರುಬೆರಳು ತಾಗಿಸಿ ಟೂ ಬಿಟ್ಟು, ಅವರವರ ಎತ್ತು ಎತ್ತಿಕೊಂಡು ಮನೆಗೆ ನಡೆದೆವು.

ಅವ್ವ ನೋಡಿದವಳೇ, “ಒಂಟೆತ್ತಿಗೆ ಯಾರು ಪೂಜೆ ಮಾಡುತ್ತಾರೆ? ಇದರ ಜೋಡಿ ಎಲ್ಲಿ?” ಎಂದಳು.

ಅವನ ಮನೆಗೆ ಹೋದೆ. ಒಳಗೆ ಮಗ್ಗ ಲಟಲಟ ಎನ್ನುತ್ತಿತ್ತು. ಅವನು ಕಟ್ಟೆಯ ಮೇಲೆ ಕುಳಿತು ಇನ್ನೊಂದು ಎತ್ತು ತಟ್ಟುತ್ತಿದ್ದ. ಅಲ್ಲಿಯೂ ಅದೇ ಮಾತು ಆಗಿರಬೇಕು. ನಾನೂ ಪಕ್ಕಕ್ಕೆ ಕುಳಿತು ನಾಲ್ಕನೆಯದಕ್ಕೆ ಕೈಹಾಕಿದೆ. ಮಣ್ಣು ಸಾಲದೆ ಅದು ಗಿಡ್ಡವಾಯಿತು. ಟೂ ಬಿಟ್ಟದ್ದು ಇಬ್ಬರಿಗೂ ನೆನಪಿರಲಿಲ್ಲ. ಹಂಚಿಕೊಳ್ಳುವಾಗ ನನ್ನ ದೊಡ್ಡೆತ್ತು ಅವನಲ್ಲೇ ಉಳಿಯಿತು. ಅವನ ದೊಡ್ಡದು, ನನ್ನ ಗಿಡ್ಡದು ನನ್ನ ಪಾಲಿಗೆ ಬಂದವು. ಅವ್ವ ಗಿಡ್ಡದನ್ನು ಕಂಡು “ಎತ್ತೋ ಇಲಿಯೋ?” ಎಂದರೂ ಎರಡಕ್ಕೂ ಕುಂಕುಮ ಹಚ್ಚಿದಳು.

ಮುಂದಿನ ವಾರ ಲಗೋರಿಗೆ ಒಬ್ಬ ಕಡಿಮೆ ಬಿದ್ದು ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡರು. ಎಂಥ ಬಡ್ತಿ! ಹಂಚು ಪೇರಿಸುತ್ತಿದ್ದೆ, ಚೆಂಡು ಗಟಾರಕ್ಕೆ ಉರುಳಿತು. ಅವನು ಒಬ್ಬನೇ ಓಡಿದ್ದು ಕಂಡು ಕೈಯಲ್ಲಿದ್ದ ಹಂಚು ಬಿಟ್ಟು ನಾನೂ ಹಿಂದೆಯೇ ಓಡಿದೆ. ಅವನಿಂದ ಚೆಂಡು ಕಸಿದುಕೊಂಡ ದೊಡ್ಡವನೊಬ್ಬ ಅಲ್ಲೇ ನನ್ನ ಬೆನ್ನಿಗೆ ಬಾರಿಸಿ ಔಟ್ ಮಾಡಿದ. ನೀರು ಕುಡಿದ ಚೆಂಡು.